ಪ್ರೋರಾದಲ್ಲಿ ಸಿಕ್ಕ ರಜೆ

ಜೂನ್ 8, ಶನಿವಾರ

ಬೆಳಿಗ್ಗೆ 148/92, ಸಂಜೆ 155/96.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಈ ಪುಸ್ತಕ ಕೊಟ್ಟರು. ರಕ್ತದೊತ್ತಡ ಬರೆಯಲು ಎರಡು ಪುಟ್ಟ ಮನೆ, ಕೆಳಗೆ 'ಇತರೆ' ಎಂದು ದೊಡ್ಡ ಜಾಗ. ಇತರೆಯಲ್ಲಿ ಏನು ಬರೆಯಬೇಕು ಎಂದು ಕೇಳಿದೆ. "ಅವತ್ತು ಯಾಕೆ ತಲೆ ಬಿಸಿ ಆಯ್ತು ಅಂತ ಬರೀರಿ, ಟೆಶ್ನರ್ ಅವರೇ," ಎಂದರು. ಮೂವತ್ತೈದು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದವನು ನಾನು. ಈ ಜಾಗ ಎಲ್ಲಿಗೆ ಸಾಲುತ್ತದೆ?

ಇವತ್ತಿನ ಕಾರಣ ಒಂದು: ಹೆಂಡತಿ ಗುಡ್ರುನ್ ಕಾರು ಓಡಿಸಿದಳು. ಹೃದಯದ ಆಪರೇಷನ್ ಆಗಿ ಆರು ವಾರ, ನಾನು ಸ್ಟಿಯರಿಂಗ್ ಮುಟ್ಟುವಂತಿಲ್ಲ. ತ್ಸ್ವಿಕಾವಿನ ನಮ್ಮ ಮನೆಯಿಂದ ಸಮುದ್ರದ ತನಕ ಕನ್ನಡಿ ನೋಡದೆ ಹನ್ನೊಂದು ಸಲ ಲೇನ್ ಬದಲಿಸಿದಳು. ಹನ್ನೊಂದನೆಯದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, "ಎಕ್ಕಿ, ಇಲ್ಲಿಂದ ಬಸ್ಸಿದೆ. ಹತ್ತಿಸ್ಲಾ?" ಎಂದಳು. ಅವಳ ಬಾಯಲ್ಲಿ ನಾನು ಎಕ್ಕಿ. ಆಮೇಲೆ ಸುಮ್ಮನೆ ಕೂತೆ.

ಕಾರಣ ಎರಡು: ಮಗಳು ಸಿಲ್ಕೆ. ಅಪ್ಪ ಬದುಕಿ ಬಂದಿದ್ದಾನೆ, ಅಮ್ಮನ ಜೊತೆ ಎರಡು ವಾರ ಸಮುದ್ರದ ಗಾಳಿ ಕುಡಿಯಲಿ ಎಂದು ಫ್ಲ್ಯಾಟ್ ಬುಕ್ ಮಾಡಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ಇಡೀ ಬಾಲ್ಟಿಕ್ ತೀರದಲ್ಲಿ ಅವಳಿಗೆ ಸಿಕ್ಕಿದ್ದು ಪ್ರೋರಾ. ಹಿಟ್ಲರನ ಕಾಲದಲ್ಲಿ ಇಪ್ಪತ್ತು ಸಾವಿರ ಜನ ಒಟ್ಟಿಗೆ ರಜೆ ಕಳೆಯಲೆಂದು ಕಟ್ಟಿದ, ನಾಲ್ಕೂವರೆ ಕಿಲೋಮೀಟರ್ ಉದ್ದದ ಕಾಂಕ್ರೀಟು. ಪೂರ್ವ ಜರ್ಮನಿ ಇದ್ದಾಗ ಅದು ನಮ್ಮ ಸೇನೆಯ ಬ್ಯಾರಕ್ಕು. ಎಂಬತ್ತನಾಲ್ಕರಿಂದ ಎಂಬತ್ತೇಳರವರೆಗೆ ಮೂರು ವರ್ಷ ನಾನು ಅಲ್ಲಿ ಹವಾಲ್ದಾರನಾಗಿದ್ದೆ. "ಅಪ್ಪಂಗೆ ಹಳೇ ನೆನಪೂ ಆಗುತ್ತೆ," ಎಂದಳಂತೆ ಸಿಲ್ಕೆ. ಅಲ್ಲಿದ್ದದ್ದು ಮರಳು ಮತ್ತು ಬೇಸರ, ನೆನಪಿಡಲು ಏನೂ ಇಲ್ಲ ಎಂದು ಅವಳಿಗೆ ಎಷ್ಟು ಸಲ ಹೇಳಿಲ್ಲ ನಾನು.

ಈಗ ಬಿಳಿ ಬಣ್ಣ, ಗಾಜಿನ ಬಾಲ್ಕನಿ, ಕೆಳಗೆ ಐಸ್‌ಕ್ರೀಮ್ ಅಂಗಡಿ. ನಾನಿದ್ದ ಬ್ಲಾಕ್ ಇದಲ್ಲ, ಉತ್ತರಕ್ಕಿರುವ ಮುಂದಿನದು. ಸೂಟ್‌ಕೇಸ್ ಬಿಚ್ಚಿ ಅಂಗಿಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸಿದೆ. "ತಪಾಸಣೆಗೆ ಯಾರೋ ಬರ್ತಾರೆ ಅನ್ನೋ ಹಾಗೆ ಜೋಡಿಸ್ತೀಯಲ್ಲೋ," ಎಂದು ಗುಡ್ರುನ್ ನಕ್ಕಳು.

ಜೂನ್ 9, ಭಾನುವಾರ

150/94. ಸಂಜೆ ನೋಡಲಿಲ್ಲ.

ಫ್ಲ್ಯಾಟನ್ನು ಹೆಜ್ಜೆಯಲ್ಲಿ ಅಳೆದೆ. ಮೂರು ಹಳೆಯ ಕೋಣೆಗಳ ಗೋಡೆ ಒಡೆದು ಒಂದು ಮಾಡಿದ್ದಾರೆ. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಹೀಗೆ ಹತ್ತು ಸಾವಿರ ಕೋಣೆ. ಈಗ ಸ್ನಾನದ ತೊಟ್ಟಿ ಇರುವ ಜಾಗದಲ್ಲಿ ಒಂದು ಕೋಣೆಯ ಬಾಗಿಲಿತ್ತು. ಗುಡ್ರುನ್‌ಗೆ ತೋರಿಸಿದೆ. ಅವಳಿಗೆ ತೊಟ್ಟಿ ಇಷ್ಟವಾಗಿದೆ.

ಪಕ್ಕದ ಫ್ಲ್ಯಾಟಿನವನು ಪ್ಯುಟ್ಸ್, ಕಲೋನ್ ಊರಿನವನು. ಬಾಡಿಗೆಯವನಲ್ಲ, ಮಾಲೀಕ. ಬೆಳಿಗ್ಗೆ ಎಂಟಕ್ಕೇ ಬಾಲ್ಕನಿಯ ಗಾಜಿನ ಮೇಲಿಂದ ತಲೆ ಹಾಕಿ ಮಾತು ಶುರು ಮಾಡಿದ.

"ನೋಡ್ರೀ, ಕಟ್ಟಿಸಿದ್ದು ನಾಜಿಗಳು, ಹಾಳು ಮಾಡಿದ್ದು ನೀವು ಪೂರ್ವದವರು, ಬಣ್ಣ ಹೊಡೆದು ಉದ್ಧಾರ ಮಾಡಿದ್ದು ನಾವು ಪಶ್ಚಿಮದವರು."

"ಬಣ್ಣ ಹೊಡೆದವರು ಪೋಲೆಂಡಿನವರು ಕಣ್ರೀ," ಎಂದಳು ಗುಡ್ರುನ್. "ನೀವು ಬರೆದಿದ್ದು ಬೆಲೆಪಟ್ಟಿ."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅವರಿಬ್ಬರೂ ಭಾರಿ ಸ್ನೇಹಿತರು. ಮಧ್ಯಾಹ್ನ ಕಾಫಿಗೆ ಕರೆದ. ನಾನು ಇಲ್ಲಿ ಸೈನ್ಯದಲ್ಲಿದ್ದೆ ಎಂದು ಗೊತ್ತಾದ ಮೇಲೆ ಕೇಳಬೇಕೇ, ಪ್ರಶ್ನೆಯ ಮೇಲೆ ಪ್ರಶ್ನೆ. ಉತ್ತರ ಕೊಟ್ಟಿದ್ದೆಲ್ಲ ಗುಡ್ರುನ್. ಕೊನೆಗೆ ಹಾವುಮೀನಿನ ಕಥೆಗೆ ಬಂದಳು. ಮದುವೆ, ನಾಮಕರಣ, ಅಂತ್ಯಸಂಸ್ಕಾರ, ಎಲ್ಲಿ ಹೋದರೂ ಅವಳು ಆ ಕಥೆ ಹೇಳದೆ ಎದ್ದು ಬಂದಿಲ್ಲ.

"ಎಂಬತ್ತಾರರ ಜೂನು. ಇವನು ಗುರಿ ಹೊಡೆಯೋ ಸ್ಪರ್ಧೇಲಿ ಗೆದ್ದ ಅಂತ ಮೂರು ದಿನ ವಿಶೇಷ ರಜೆ ಕೊಟ್ಟಿದ್ರು. ನನಗೆ ಹೇಳೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೀತೀನಿ, ಯೂನಿಫಾರ್ಮ್ ಹಾಕ್ಕೊಂಡು ನಿಂತಿದಾನೆ. ಕೈಯಲ್ಲಿ ಹೂವು ಅಂತ ನೋಡಿದ್ರೆ, ಪೇಪರಲ್ಲಿ ಸುತ್ತಿದ ಹೊಗೆ ಹಾಕಿದ ಹಾವುಮೀನು! 'ನನ್ನ ಮದುವೆ ಆಗ್ತೀಯಾ' ಅಂತ ಕೇಳ್ತಾನೆ, ಕೈಯಿಂದ ಎಣ್ಣೆ ತೊಟ್ಟಿಕ್ತಾ ಇದೆ. ಆಮೇಲೆ ಆರು ತಿಂಗಳಿಗೆ ನನ್ನನ್ನ ಬೇರೆಯವನು ಕೇಳೋನಿದ್ದ ಕಣ್ರೀ, ನಮ್ಮ ಫ್ಯಾಕ್ಟರಿಯ ಮೇಸ್ತ್ರಿ. ಆ ಮೂರು ದಿನ ರಜೆ ಸಿಗದೇ ಇದ್ದಿದ್ರೆ ನಾನು ಇವತ್ತು ಮೇಸ್ತ್ರಿ ಹೆಂಡ್ತಿ."

ಪ್ಯುಟ್ಸ್ ನನ್ನ ಬೆನ್ನು ತಟ್ಟಿದ. "ಒಳ್ಳೆ ಗುರಿಕಾರ ಕಣ್ರೀ ನೀವು."

ಜೂನ್ 10, ಸೋಮವಾರ

162/98. ಮಳೆ. ಹೊರಗೆ ಹೋಗಲಿಲ್ಲ.

ಗುರಿ ಹೊಡೆಯುವುದರಲ್ಲಿ ನಾನು ಯಾವತ್ತೂ ಏನೂ ಗೆದ್ದವನಲ್ಲ.

ಜೂನ್ 11, ಮಂಗಳವಾರ

ಬೆಳಿಗ್ಗೆ 149/90. ಸಂಜೆ 171/101. ಎರಡು ಸಲ ನೋಡಿದೆ, ಅಷ್ಟೇ ಬಂತು.

ಪ್ಯುಟ್ಸ್ ಹಚ್ಚಿಕೊಟ್ಟ ಬೆಂಕಿ ಇದು. ಮಾರ್ಗದರ್ಶಿಯ ಜೊತೆ ಕಟ್ಟಡ ಸುತ್ತುವ ಪ್ರವಾಸವಿದೆ, ಮೂವರೂ ಹೋಗೋಣ ಎಂದ. ಗುಡ್ರುನ್ ಟಿಕೆಟ್ ತಂದೇಬಿಟ್ಟಳು. ಇಪ್ಪತ್ತು ಜನ ಇದ್ದೆವು. ಡೆನ್ಮಾರ್ಕಿನ ಒಂದು ಸಂಸಾರ, ಒಂದಷ್ಟು ಸೈಕಲ್ಲಿನವರು, ಕ್ಯಾಮೆರಾ ಹೊತ್ತ ಇಬ್ಬರು ಆರ್ಕಿಟೆಕ್ಟುಗಳು.

ಮಾರ್ಗದರ್ಶಿ ನನ್ನ ವಯಸ್ಸಿನವನು, ತೆಳ್ಳಗೆ, ತಿಲ್ಮಾನ್ ಹೋಯರ್ ಎಂದು ಹೆಸರು. ಟೋಪಿಯ ಮೇಲೆ ಪುಟ್ಟ ತವರದ ಗುದ್ದಲಿ. ಗುದ್ದಲಿ ನೋಡಿದ ತಕ್ಷಣ ನಾನು ಹಿಂದಿನ ಸಾಲಿಗೆ ಸರಿದೆ. ಬಂದೂಕು ಮುಟ್ಟುವುದಿಲ್ಲ ಎಂದು ಹಟ ಹಿಡಿದ ಚರ್ಚಿನ ಹುಡುಗರಿಗೆ ಆಗ ಭುಜದ ಮೇಲೆ ಗುದ್ದಲಿಯ ಗುರುತು ಕೊಟ್ಟು ಹತ್ತಿರದ ಬಂದರಿನ ಕೆಲಸಕ್ಕೆ ಹಚ್ಚುತ್ತಿದ್ದರು. ಗುದ್ದಲಿಗಳು ಎನ್ನುತ್ತಿದ್ದೆವು. ನನ್ನ ಮಹಡಿಯಲ್ಲಿ ಅಂಥವರ ಆರು ಕೋಣೆಗಳಿದ್ದವು. ಇವನ ಮುಖ ನನಗೆ ನೆನಪಾಗಲಿಲ್ಲ. ನನ್ನ ತಲೆಯಲ್ಲಿ ಕೂದಲಿಲ್ಲ, ಗಡ್ಡ ಬಂದಿದೆ, ತೂಕ ಮೂವತ್ತು ಕಿಲೋ ಏರಿದೆ. ಅವನಿಗೂ ನೆನಪಾಗಲಿಲ್ಲ.

ಅವನು ಮಾತಾಡುವುದು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಕೈ ಬೀಸಿದ. "ಇಪ್ಪತ್ತು ಸಾವಿರ ಜನ. ಒಂದೇ ಹೊತ್ತಿಗೆ ಏಳ್ಬೇಕು, ಒಂದೇ ಹೊತ್ತಿಗೆ ಉಣ್ಬೇಕು, ಒಂದೇ ಹೊತ್ತಿಗೆ ಖುಷಿಪಡ್ಬೇಕು. ಎಲ್ಲರಿಗೂ ಒಂದೇ ಅಳತೆ ಕೋಣೆ, ಎಲ್ಲ ಕಿಟಕಿಗೂ ಸಮುದ್ರ. ಮಧ್ಯದಲ್ಲಿ ಇಪ್ಪತ್ತು ಸಾವಿರ ಜನಾನೂ ಹಿಡಿಸೋ ಸಭಾಂಗಣ ಬರೋದಿತ್ತು, ಬರಲಿಲ್ಲ. ಯುದ್ಧ ಶುರುವಾಯ್ತು. ರಜೆಗೆ ಅಂತ ಒಬ್ಬ ಕಾರ್ಮಿಕನೂ ಇಲ್ಲಿ ಒಂದು ದಿನ ಕಳೀಲಿಲ್ಲ. ಯುದ್ಧದಲ್ಲಿ ಬಂದವರು ಕೈದಿಗಳು, ದುಡಿಯೋದಕ್ಕೆ."

"ಒಳ್ಳೆ ಕೆಲಸಗಾರರು ಆದ್ರೂ. ಗೋಡೆ ನೋಡಿ, ಬಿರುಕಿಲ್ಲ," ಎಂದ ಪ್ಯುಟ್ಸ್.

"ಜೈಲಿನ ಗೋಡೆಗೂ ಬಿರುಕಿರಲ್ಲ ಸಾರ್," ಎಂದ ಹೋಯರ್. ಡೆನ್ಮಾರ್ಕಿನವರು ನಕ್ಕರು.

ನಂತರ ಇನ್ನೂ ಬಣ್ಣ ಬಳಿಯದ ಭಾಗಕ್ಕೆ ಕರೆದೊಯ್ದ. ಉದ್ದನೆಯ ಓಣಿ, ಸುಣ್ಣ ಉದುರಿದ ಗೋಡೆ. ಒಂದು ಬಾಗಿಲ ಮುಂದೆ ನಿಂತು ಈ ಕೋಣೆಯಲ್ಲಿ ತಾನಿದ್ದೆ ಎಂದ. ಎಂಟು ಜನ.

"ಆ ಕಾಲದಲ್ಲಿ ನಮ್ಮ ದೇಶದಲ್ಲಿ ಎಲ್ರೂ ಮನವಿ ಬರೀತಿದ್ರು. ಲಿಫ್ಟ್ ಕೆಟ್ರೆ ಮನವಿ, ಕಾರು ಹತ್ತು ವರ್ಷ ಆದ್ರೂ ಬರಲಿಲ್ಲ ಅಂದ್ರೆ ಮನವಿ. ಒಬ್ಬನೇ ಬರೆದ್ರೆ ತಪ್ಪಿಲ್ಲ. ಸೈನ್ಯದಲ್ಲಿ ನಾಕು ಜನ ಸೇರಿ ಸಹಿ ಹಾಕಿದ್ರೋ, ಅದು ದಂಗೆ. ನಾವು ಎಂಟು ಜನಾನೂ ಹಾಕಿದ್ವಿ. ಕೇಳಿದ್ದೇನು ಗೊತ್ತಾ? ಭಾನುವಾರ ಅರ್ಧ ದಿನ ಬಿಡಿ, ಚರ್ಚಿಗೆ ಹೋಗಿ ಬರ್ತೀವಿ ಅಂತ. ಬರೆದವನು ಕೊನ್ರಾಡ್. ಬರ್ಲಿನ್‌ಗೆ ಕಳಿಸೋಕೆ ಮುಂಚೇನೇ ಕಾಗದ ಸಿಕ್ಕಿಬಿತ್ತು. ಕೊನ್ರಾಡ್‌ಗೆ ಮೂರು ತಿಂಗಳು ಸೇನಾ ಜೈಲು. ವಾಪಸ್ ಬಂದಾಗ ಅವನು ಹಾಡೋದು ಬಿಟ್ಟಿದ್ದ. ಈಗಿಲ್ಲ, ತೀರ್ಕೊಂಡು ಹನ್ನೊಂದು ವರ್ಷ."

"ಯಾರು ಹಿಡಿದುಕೊಟ್ರು?" ಎಂದು ಕೇಳಿದವಳು ಗುಡ್ರುನ್.

"ನಮ್ಮಲ್ಲೇ ಒಬ್ಬ. ಹೆನ್ನಿಂಗ್ ಡ್ರೇವ್ಸ್. ಎಲ್ರೂ ಬಂದರಿಗೆ ಹೋಗಿದ್ವಿ, ಅವನಿಗೆ ಜ್ವರ ಅಂತ ಹಿಂದೆ ಉಳಿದಿದ್ದ. ಬೇರೆ ಯಾರೂ ಕೋಣೇಲಿ ಇರಲಿಲ್ಲ. ಅವನು ಇವತ್ತಿಗೂ ಒಪ್ಪಲ್ಲ. ಗುಪ್ತ ಪೊಲೀಸರ ಫೈಲುಗಳು ತೆರೆದ ಮೇಲೆ ಹುಡುಕಿದ್ವಿ, ಇದರ ಕಾಗದ ಏನೂ ಉಳಿದಿಲ್ಲ. ಸೇವೇಲಿ ಉಳಿದಿದ್ದ ಎಂಟು ತಿಂಗಳು ಅವನ ಜೊತೆ ಯಾರೂ ಒಂದು ಮಾತಾಡಲಿಲ್ಲ. ಈಗಲೂ ನಾವೆಲ್ಲ ವರ್ಷಕ್ಕೊಂದು ಸಲ ಸೇರ್ತೀವಿ. ಅವನನ್ನ ಕರೆಯಲ್ಲ. ಇಲ್ಲೇ ಸ್ಟ್ರಾಲ್‌ಸುಂಡ್‌ನಲ್ಲಿದಾನೆ, ಮುಕ್ಕಾಲು ಗಂಟೆ ದಾರಿ."

ಗುಡ್ರುನ್ "ಛೀ" ಎಂದಳು. ಡ್ರೇವ್ಸ್‌ಗೆ.

ಜೂನ್ 12, ಬುಧವಾರ

168/99.

ಕಾರಣ ಬರೆಯಬೇಕಂತೆ. ಬರೆಯುತ್ತೇನೆ.

ಬೀರು ತಪಾಸಣೆ ನನ್ನ ಕೆಲಸವಾಗಿತ್ತು. ಒಳಬಟ್ಟೆಗಳನ್ನು ಮಡಚಿಟ್ಟ ಅಗಲ ದಿನಪತ್ರಿಕೆಯನ್ನು ಮಡಚಿದಷ್ಟೇ ಇರಬೇಕು. ಅದಕ್ಕೆ ಎಲ್ಲರೂ ಬಟ್ಟೆಯ ಒಳಗೆ ಪತ್ರಿಕೆಯನ್ನೇ ಇಟ್ಟು ಅದರ ಸುತ್ತ ಮಡಚುತ್ತಿದ್ದರು. ಅವತ್ತು ಕೋಣೆ ಖಾಲಿ. ಒಂದು ಬೀರುವಿನ ಎರಡನೇ ಖಾನೆಯಲ್ಲಿ ಬಟ್ಟೆಯ ಸಾಲು ಒಂದು ಬೆರಳು ಹೊರಗೆ ಬಂದಿತ್ತು. ಸರಿಮಾಡಲು ತೆಗೆದೆ. ಪತ್ರಿಕೆಯ ಮಡಿಕೆಯೊಳಗೆ ಕಾಗದ, ಕೆಳಗೆ ಎಂಟು ಸಹಿ. ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮತ್ತೆ ಇಟ್ಟೆ, ಯಾರೂ ಮುಟ್ಟಿದ್ದು ಗೊತ್ತಾಗದ ಹಾಗೆ. ಕಾಗದವನ್ನು ಕಂಪನಿಯ ಕಮಾಂಡರ್ ಕೈಗೆ ಕೊಟ್ಟೆ. ಜ್ವರದವನು ವೈದ್ಯರ ಕೋಣೆಯಿಂದ ವಾಪಸ್ ಬಂದದ್ದು ಆಮೇಲೆ.

ನಿಯಮ ಇದ್ದದ್ದೇ ಹಾಗೆ. ನಾನಲ್ಲದಿದ್ದರೆ ಇನ್ನೊಬ್ಬ ಹವಾಲ್ದಾರ ಕೊಡುತ್ತಿದ್ದ. ಜೈಲಿಗೆ ಹಾಕಿದವನು ನಾನಲ್ಲ.

ಮೂರು ದಿನ ರಜೆ ಬರೆದುಕೊಟ್ಟವನು ಕಮಾಂಡರ್. ಕೇಳಿದವನು ನಾನಲ್ಲ.

ಜೂನ್ 14, ಶುಕ್ರವಾರ

ರಕ್ತದೊತ್ತಡ ನೋಡಲಿಲ್ಲ, ಯಂತ್ರ ಗುಡ್ರುನ್ ಚೀಲದಲ್ಲಿತ್ತು.

ಗುಡ್ರುನ್ ಮತ್ತು ಪ್ಯುಟ್ಸ್ ದೋಣಿಯಲ್ಲಿ ಸುಣ್ಣದ ಬಂಡೆ ನೋಡಲು ಹೋದರು. ತಲೆ ಸುತ್ತುತ್ತದೆ ಎಂದು ಉಳಿದೆ. ಉಳಿದವನು ಮತ್ತೊಮ್ಮೆ ಟಿಕೆಟ್ ತೆಗೆದುಕೊಂಡು ಅದೇ ಪ್ರವಾಸಕ್ಕೆ ಹೋದೆ. ಹೋಯರ್ ಎಲ್ಲಾದರೂ ಬೇರೆ ಥರ ಹೇಳುತ್ತಾನೋ ಎಂದು ನೋಡೋಣವೆನಿಸಿತ್ತು.

ಬೇರೆ ಥರ ಹೇಳಲಿಲ್ಲ. ಜೈಲಿನ ಗೋಡೆಯ ಮಾತನ್ನೂ ಹೇಳಿದ, ಆ ಗುಂಪೂ ನಕ್ಕಿತು. ಬಾಗಿಲ ಮುಂದೆ ನಿಂತು "ನಮ್ಮಲ್ಲೇ ಒಬ್ಬ, ಹೆನ್ನಿಂಗ್ ಡ್ರೇವ್ಸ್" ಎಂದ. ಒಬ್ಬ ಹೆಂಗಸು ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡಳು. ಬೇಸಿಗೆಯಲ್ಲಿ ದಿನಕ್ಕೆ ಎರಡು ಪ್ರವಾಸ. ಪ್ರತಿಯೊಂದರಲ್ಲೂ ಇಪ್ಪತ್ತು ಜನ ಆ ಹೆಸರು ಕೇಳಿಕೊಂಡು ಮೀನು ಬನ್ನು ತಿನ್ನಲು ಹೋಗುತ್ತಾರೆ.

ಡ್ರೇವ್ಸ್ ನನಗೆ ನೆನಪಿದ್ದಾನೆ. ಈ ಮಾತು ಮೊನ್ನೆ ಬರೆಯಲಿಲ್ಲ. ಊಟದ ಕೋಣೆಯಲ್ಲಿ ಅವನ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಬೇರೆ ಬೆಂಚುಗಳಲ್ಲಿ ಒಬ್ಬರ ಮೇಲೊಬ್ಬರು, ಅವನದರಲ್ಲಿ ಅವನೊಬ್ಬನೇ, ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಏನಾಗಿದೆ ಎಂದು ನನಗೆ ಅವತ್ತೇ ಗೊತ್ತಿತ್ತು. ಕಮಾಂಡರ್ ಕಣ್ಣು ಮಿಟುಕಿಸಿ, "ಇರ್ಲಿ ಬಿಡು, ಅವರವರೇ ಕಚ್ಚಾಡ್ಕೊಳ್ಳಲಿ," ಎಂದಿದ್ದ. ನಾನು ಎಂಟು ತಿಂಗಳು ಬೆಂಚು ನೋಡಿದೆ. ಕೈಯಲ್ಲಿ ಪಟ್ಟಿ ಹಿಡಿದು ಆಚೀಚೆ ಓಡಾಡುತ್ತಿದ್ದೆ.

ಹೇಳಿದರೆ ಆ ಮನುಷ್ಯನ ಹೆಸರು ಉಳಿಯುತ್ತದೆ. ಹೇಳಲು ನಾನೊಬ್ಬನೇ ಉಳಿದಿದ್ದೇನೆ, ಕಮಾಂಡರ್ ಸತ್ತು ಬಹಳ ವರ್ಷವಾಯಿತು. ಆದರೆ ಹೇಳಿದರೆ ಗುಡ್ರುನ್ ದಿನಾಂಕ ಕೂಡಿಸಿ ನೋಡುತ್ತಾಳೆ. ಮೂವತ್ತೆಂಟು ವರ್ಷ ಅವಳು ಹಂಚಿಕೊಂಡು ಬಂದ ಹಾವುಮೀನು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಎಲ್ಲರ ಮುಂದೆ ಅವಳು ಹೆಮ್ಮೆಪಟ್ಟು ಹೇಳುವ ಒಂದೇ ಒಂದು ಕಥೆಯಲ್ಲಿ ನಾನು ಚೆಂದ ಕಾಣುತ್ತೇನೆ. ಅದನ್ನು ಕಳೆದುಕೊಳ್ಳಲು ನನಗೆ ಭಯ. ಆಪರೇಷನ್ ಟೇಬಲಿನ ಮೇಲೂ ಇಷ್ಟು ಭಯವಾಗಿರಲಿಲ್ಲ.

ದೋಣಿಯಿಂದ ಗುಡ್ರುನ್ ಮೂಗು ಕೆಂಪಗೆ ಮಾಡಿಕೊಂಡು ಬಂದಳು. ನನಗೆಂದು ಒಂದು ಕಲ್ಲು ತಂದಿದ್ದಾಳೆ, ನಡುವೆ ತೂತಿರುವ ಕಲ್ಲು. ಅದು ಅದೃಷ್ಟ ತರುತ್ತದಂತೆ.

ಜೂನ್ 16, ಭಾನುವಾರ

ಅರ್ಧ ಹೇಳಿದೆ.

ಸಮುದ್ರದ ದಂಡೆಯಲ್ಲಿ ಬುಟ್ಟಿ ಕುರ್ಚಿ ಬಾಡಿಗೆಗೆ ತೆಗೆದುಕೊಂಡು ಕೂತಿದ್ದೆವು. ಅವಳು ಚೆರಿ ಹಣ್ಣು ತಿನ್ನುತ್ತಾ ಬೀಜವನ್ನು ಪೊಟ್ಟಣಕ್ಕೆ ಉಗಿಯುತ್ತಿದ್ದಳು.

"ಆ ಕಾಗದ ಡ್ರೇವ್ಸ್ ಕೊಟ್ಟಿದ್ದಲ್ಲ. ನನಗೆ ಸಿಕ್ಕಿದ್ದು. ಬೀರು ತಪಾಸಣೇಲಿ."

ಅವಳು ಬೀಜ ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದಳು.

"ಮೊನ್ನೆ ಅವನು ಹೇಳ್ತಾ ಇದ್ದಾಗ ನೀನು ಪಕ್ಕದಲ್ಲೇ ಇದ್ಯಲ್ಲೋ."

"ಇದ್ದೆ."

"ನಾನು ಆ ಮನುಷ್ಯಂಗೆ ಛೀ ಅಂದೆ. ನಿನ್ನ ಪಕ್ಕ ನಿಂತ್ಕೊಂಡು."

"ಹೂಂ."

ಮುಂದೆ ಯಾರದೋ ನಾಯಿ ನೀರಿಗಿಳಿಯಲು ಒಲ್ಲೆನೆಂದು ಹಟ ಮಾಡುತ್ತಿತ್ತು. ಆಮೇಲೆ ಅವಳು, "ನಿಂಗಾಗ ಇಪ್ಪತ್ತೊಂದು ವರ್ಷ," ಎಂದಳು. ನನ್ನ ಪರವಾಗಿ ಹೇಳಿದಳೆಂದುಕೊಂಡು ಹೂಂಗುಟ್ಟಿದೆ. "ಅವರಿಗೂ ಅಷ್ಟೇ," ಎಂದಳು.

ಯಾವ ತಿಂಗಳಲ್ಲಿ ನಡೆದಿದ್ದು ಎಂದು ಕೇಳಿದಳು. ಚಳಿಗಾಲ ಎಂದೆ. ಬಾಯಿಗೆ ಬಂತು, ಹೇಳಿಬಿಟ್ಟೆ.

"ನಾಳೆ ಹೋಗಿ ಆ ಹೋಯರ್‌ಗೆ ಹೇಳು. ಊಟಕ್ಕೆ ಮುಂಚೆ ಹೋಗು," ಎಂದಳು.

ಜೂನ್ 17, ಸೋಮವಾರ

ಬೆಳಗಿನ ಪ್ರವಾಸ ಮುಗಿಯುವವರೆಗೆ ಹೊರಗೆ ಕಾದೆ. ಜನ ಚದುರಿದ ಮೇಲೆ ಹತ್ತಿರ ಹೋಗಿ ಹೆಸರು ಹೇಳಿದೆ, ಆಗಿನ ದರ್ಜೆ ಹೇಳಿದೆ. ಹೋಯರ್ ಟೋಪಿ ತೆಗೆದು ನನ್ನ ಮುಖವನ್ನು ಹುಡುಕಿದರು.

"ಟೆಶ್ನರ್. ಬೂಟಿನ ಲಾಳದ ಸದ್ದು ಕೇಳಿದ್ರೆ ನಾವು ಎದ್ದು ನಿಲ್ತಿದ್ವಿ," ಎಂದರು. "ಏನು, ಹಳೇ ಜಾಗ ನೋಡೋಕೆ ಬಂದ್ರಾ?"

ಕಾಗದದ ವಿಷಯ ಹೇಳಿದೆ. ಅವರು ನಂಬಲಿಲ್ಲ. ಡ್ರೇವ್ಸ್ ಕಳಿಸಿದನೇ ಎಂದು ಕೇಳಿದರು. ನಾನು ಡ್ರೇವ್ಸ್‌ನನ್ನು ನೋಡಿ ಮೂವತ್ತೇಳು ವರ್ಷ ಎಂದೆ.

"ಯಾವ ಖಾನೆ?"

"ಮೇಲಿಂದ ಎರಡನೇದು. ಒಳಬಟ್ಟೆ. ಪತ್ರಿಕೆ ಮಡಿಕೆಯೊಳಗಿತ್ತು. ಸಾಲು ಒಂದು ಬೆರಳು ಹೊರಗೆ ಬಂದಿತ್ತು, ಎಡಗಡೆ."

ಹೋಯರ್ ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಅದನ್ನ ಮಡಚಿದ್ದು ನಾನು," ಎಂದರು. "ಕೊನ್ರಾಡ್‌ಗೆ ನೀಟಾಗಿ ಮಡಚೋಕೆ ಬರ್ತಿರಲಿಲ್ಲ, ಕೊಡೋ ಇಲ್ಲಿ ಅಂತ ನಾನೇ ಮಡಚಿಟ್ಟಿದ್ದೆ. ಲಾರಿ ಬಂದು ನಿಂತಿತ್ತು, ಅವಸರ."

ಟೋಪಿಯ ಗುದ್ದಲಿಯನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಹೆನ್ನಿಂಗ್ ಬೆಂಚಿಂದ ಮೊದಲು ಎದ್ದು ಹೋದವನೂ ನಾನೇ. ಉಳಿದವರು ನನ್ನ ನೋಡಿ ಎದ್ರು." ಮುಖ ಒರೆಸಿಕೊಂಡರು. ಆಮೇಲೆ ದನಿ ಗಟ್ಟಿಯಾಯಿತು. "ನಿಮ್ಮನ್ನ ನಾನು ಕ್ಷಮಿಸ್ತೀನಿ ಅಂತ ಕಾಯ್ತಾ ಇದ್ರೆ ಕಾಯ್ಬೇಡಿ. ನಿಮಗೆ ಅವತ್ತೇ ಗೊತ್ತಿತ್ತಲ್ಲ, ಅವನು ಒಬ್ಬನೇ ಕೂತು ಉಣ್ತಿದ್ದಿದ್ದು?"

"ಗೊತ್ತಿತ್ತು."

"ಹಾಗಾದ್ರೆ ನಾನು ಫೋನ್ ಮಾ‌ಡಿ ಹೇಳಲ್ಲ. ನೀವೇ ಹೋಗಿ. ಅವನ ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳಿ. ನಾನು ಆಮೇಲೆ ಹೋಗ್ತೀನಿ, ನನ್ನದು ಬೇರೆ ಇದೆ."

ವಿಳಾಸ ಬರೆದುಕೊಟ್ಟರು. ಮಧ್ಯಾಹ್ನದ ಪ್ರವಾಸ ರದ್ದು ಎಂದು ಬಾಗಿಲಿಗೆ ಚೀಟಿ ಅಂಟಿಸಿ ಸೈಕಲ್ ಹತ್ತಿ ಹೋದರು.

ಜೂನ್ 19, ಬುಧವಾರ

ಸ್ಟ್ರಾಲ್‌ಸುಂಡ್. ಡ್ರೇವ್ಸ್ ಅವರ ಮನೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೇನು ಮಾಡಬೇಕೆಂದು ತಿಳಿಯುತ್ತಿಲ್ಲ.

ಗುಡ್ರುನ್ ಕಾರು ಓಡಿಸಿದಳು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಹತ್ತೂವರೆಗೆ ತಲುಪಿದೆವು. "ನೀನು ಕಾರಲ್ಲೇ ಇರು," ಎಂದೆ. "ಯಾಕೆ?" ಎಂದು ಇಳಿದೇಬಿಟ್ಟಳು.

ಹೆನ್ನಿಂಗ್ ಡ್ರೇವ್ಸ್ ಹಾಯಿ ಹೊಲಿಯುವವರು. ಬಾಗಿಲು ತೆರೆದಾಗ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡೇ ಇದ್ದರು. ನಾನು ಹೆಸರು ಹೇಳುವ ಮೊದಲೇ, "ಹವಾಲ್ದಾರ್ ಟೆಶ್ನರ್," ಎಂದರು. ಗಡ್ಡ, ಬೊಜ್ಜು ಯಾವುದೂ ಅವರಿಗೆ ಅಡ್ಡ ಬರಲಿಲ್ಲ. ಎಂಟು ತಿಂಗಳು ಒಬ್ಬನೇ ಕೂತು ಉಣ್ಣುವವನು ಸುತ್ತ ಇರುವ ಮುಖಗಳನ್ನು ಸರಿಯಾಗಿ ನೋಡಿಕೊಂಡಿರುತ್ತಾನೆ.

ಹೇಳಿದೆ. ಬೀರು, ಖಾನೆ, ಕಾಗದ, ಕಮಾಂಡರ್, ಬೆಂಚು. ಬೆಂಚಿನದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನನಗೆ ಆ ದಿನ ಜ್ವರ ನೂರನಾಲ್ಕು," ಎಂದರು. "ಮೊದಲು ನಾನಲ್ಲ ಅಂತ ನನಗೆ ಗೊತ್ತಿತ್ತು. ಆಮೇಲಾಮೇಲೆ, ಜ್ವರದಲ್ಲಿ ಡಾಕ್ಟರ ಹತ್ರ ಏನಾದ್ರೂ ಬಡಬಡಿಸಿದ್ನೇನೋ ಅನ್ನಿಸೋಕೆ ಶುರುವಾಯ್ತು. ಎಂಟು ಜನರಲ್ಲಿ ಏಳು ಜನ ಹೇಳ್ತಾ ಇದ್ರೆ, ನಿಜಾನೇ ಇರ್ಬೇಕಲ್ವಾ? ಇಷ್ಟು ವರ್ಷ ನಾನು ಅದನ್ನೇ ಹುಡುಕ್ತಾ ಇದ್ದೆ. ಏನಂದೆ, ಯಾರಿಗಂದೆ ಅಂತ."

ಒಳಕ್ಕೆ ತಿರುಗಿ ಕೂಗಿದರು. "ವೀಬ್ಕೆ! ಬಾ ಇಲ್ಲಿ. ಬೇಗ ಬಾ."

ಅವರ ಹೆಂಡತಿ ಬಂದರು, ಕೈಯಲ್ಲಿ ಒರೆಸುವ ಬಟ್ಟೆ.

"ಮತ್ತೆ ಹೇಳಿ," ಎಂದರು ಡ್ರೇವ್ಸ್. "ಮೊದಲಿಂದ. ಇವಳಿಗೆ ಹೇಳಿ."

ಮೊದಲಿನಿಂದ ಹೇಳಿದೆ. ಎರಡನೇ ಸಲ ಇನ್ನೂ ಕಷ್ಟ. ವೀಬ್ಕೆ ಒರೆಸುವ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು.

ಡ್ರೇವ್ಸ್ ನನ್ನನ್ನೇ ನೋಡುತ್ತಿದ್ದರು. "ನಿಮಗೇನು ಸಿಕ್ತು?" ಎಂದರು. "ಸುಮ್ನೆ ಯಾರೂ ಮಾಡ್ತಿರಲಿಲ್ಲ. ಏನಾದ್ರೂ ಕೊಡೋರು. ಏನು ಕೊಟ್ರು?"

ಗುಡ್ರುನ್ ನನ್ನ ಎಡಗಡೆ ನಿಂತಿದ್ದಳು. ಏನೂ ಇಲ್ಲ ಎಂದರೆ ಅವರು ನಂಬುತ್ತಿದ್ದರು. ಪರೀಕ್ಷಿಸಲು ಯಾವ ಫೈಲೂ ಉಳಿದಿಲ್ಲ. ಏನೂ ಇಲ್ಲ ಎನ್ನಲು ಬಾಯಿ ತೆರೆದೂ ಆಗಿತ್ತು.

"ಮೂರು ದಿನ ರಜೆ," ಎಂದೆ. "ಊರಿಗೆ ಹೋದೆ. ಇವಳನ್ನ ಮದುವೆ ಆಗ್ತೀಯಾ ಅಂತ ಕೇಳಿದೆ."

ಗುಡ್ರುನ್ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡಳು.

"ಗುರಿ ಹೊಡೆಯೋ ಸ್ಪರ್ಧೆ?" ಎಂದಳು.

"ಇರಲಿಲ್ಲ."

"ಚಳಿಗಾಲ ಅಂದ್ಯಲ್ಲ ಮೊನ್ನೆ."

"ಜೂನ್ ಅದು."

ಅವಳು ತಲೆಯಾಡಿಸಿದಳು. ಕಲಿಯಲು ಬಂದವರಿಗೆ ತಪ್ಪು ಎಲ್ಲಾಯಿತೆಂದು ಹೇಳಿದಾಗ ಹಾಗೆ ತಲೆಯಾಡಿಸುತ್ತಾರೆ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು.

ವೀಬ್ಕೆ ಒಂದು ಹೆಜ್ಜೆ ಮುಂದೆ ಬಂದು ಅವಳ ತೋಳು ಹಿಡಿದರು. "ನೀವು ಒಳಗೆ ಬನ್ನಿಮ್ಮಾ. ಕಾಫಿ ಇಟ್ಟಿದೀನಿ." ಗುಡ್ರುನ್ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಡ್ರೇವ್ಸ್ ಬಾಗಿಲು ಹಾಕಿಕೊಂಡರು, ಜೋರಾಗಿ ಅಲ್ಲ, ಸಾಮಾನ್ಯವಾಗಿ ಹಾಕುವ ಹಾಗೆ.

ಒಂದು ಗಂಟೆಯಾಯಿತು. ಅಡುಗೆಮನೆಯ ಕಿಟಕಿ ತೆರೆದಿದೆ, ಬೆಂಚಿಗೆ ಎಲ್ಲ ಕೇಳುತ್ತದೆ. ಡ್ರೇವ್ಸ್ ಫೋನ್ ಮಾಡುತ್ತಿದ್ದಾರೆ. ಅಂದು ಸಹಿ ಹಾಕಿದವರಿಗೆ, ಒಬ್ಬೊಬ್ಬರಿಗೇ.

"ನಾನು ಹೆನ್ನಿಂಗ್... ಡ್ರೇವ್ಸ್. ಇಡ್ಬೇಡ, ಫೋನ್ ಇಡ್ಬೇಡ ಕಣೋ. ಒಂದೇ ಮಾತು. ನಾನಲ್ಲ. ಆ ಕಾಗದ ಕೊಟ್ಟಿದ್ದು ನಾನಲ್ಲ."

ಎರಡನೇ ಫೋನ್ ಎತ್ತಿದ್ದು ಯಾರೋ ಹೆಂಗಸು, ಗಂಡ ಹೊರಗೆ ಹೋಗಿದ್ದಾರೆ ಎಂದಿರಬೇಕು. "ಹಾಗಾದ್ರೆ ಬರ್ಕೊಳಮ್ಮ," ಎಂದರು. "ಹೆನ್ನಿಂಗ್ ಫೋನ್ ಮಾಡಿದ್ದ, ಅವನಲ್ಲವಂತೆ ಅಂತ ಬರ್ಕೊ."

ಮೂರನೆಯವರಿಗೆ ಹೆಸರು ಹೇಳಿ, "ನಾನು..." ಎಂದು ನಿಂತರು. ಮತ್ತೆ, "ನಾನು..." ಎಂದರು. ಮುಂದಕ್ಕೆ ಹೋಗಲಾಗಲಿಲ್ಲ. ಕುರ್ಚಿ ಸರಿಯಿತು. ಯಾರೋ ಅವರ ಕೈಯಿಂದ ಫೋನ್ ತೆಗೆದುಕೊಂಡರು.

"ಹಲೋ," ಎಂದಳು ಗುಡ್ರುನ್. "ಅವರಲ್ಲ ಕಣ್ರೀ. ಅದು ನನ್ನ ಗಂಡ."